ನಿಂತುಹೋದ ಓಟವನ್ನು ಕುರಿತು



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಶಿಸ್ತು, ಶೀಲ, ಶ್ರದ್ಧೆ ಎಂಬ ಮೂರರೊಳಗೆ ಒಂದನ್ನು ಕುರಿತದ್ದಾಗಿರಬೇಕೆಂಬುದು ವಾಡಿಕೆ. ಈ ಸಲ ಆ ವಾಡಿಕೆಯನ್ನು ಬದಿಗಿರಿಸಿ ಓಟದ ವಿಷಯವಾಗಿ ನಾಲ್ಕು ಮಾತು ಬರೆಯಲು ಮನಸ್ಸು ಮಾಡಿದ್ದೇನೆ. ಗೆದ್ದವರ ಕಥೆಯನ್ನು ವಾರ್ಷಿಕ ವರದಿಯಲ್ಲಿ ಓದಿಯೇ ಇರುವಿರಿ. ಒಂದು ಕಾಲದಲ್ಲಿ ಚೆನ್ನಾಗಿ ಓಡುತ್ತಿದ್ದ ಹುಡುಗಿಯು ಬಹುದಿನ ಅಭ್ಯಾಸವನ್ನು ಬಿಟ್ಟಮೇಲೆ ಆಕೆಯ ದೇಹದಲ್ಲಿ ಏನಾಗುತ್ತದೆ, ಹೋದದ್ದು ಮರಳಿ ಬರುವುದೇ, ಬರುವುದಾದರೆ ಯಾವ ಕ್ರಮದಿಂದ ಬರುವುದು ಎಂಬುದಷ್ಟೇ ಇಲ್ಲಿಯ ವಿಚಾರ.

ನಮ್ಮ ಈ ಸೀಮೆಯಲ್ಲಿ, ಎಂದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ, ಹೆಣ್ಣುಮಕ್ಕಳು ಓಡಲಾರರೆಂದು ಯಾರೂ ಹೇಳುವಂತಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟಗಳು ಮೊದಲಾದಾಗ ಎಂಟನೆಯ, ಒಂಬತ್ತನೆಯ ತರಗತಿಯ ಬಾಲಿಕೆಯರು ಬರಿಗಾಲಿನಲ್ಲಿಯೇ ಸುಣ್ಣದ ಗೆರೆಯ ಮೇಲೆ ನಿಂತು ೪೦೦ ಮೀಟರ್, ೮೦೦ ಮೀಟರ್ ಓಟಗಳನ್ನು ಓಡಿ ಮುಗಿಸುವುದನ್ನು ನೋಡಿದವರಿಗೆ ಇವರ ಶಕ್ತಿಯಲ್ಲಿ ಸಂದೇಹ ಉಳಿಯದು. ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಹೋದವರೂ ಉಂಟು. ಆದರೆ ಹತ್ತನೆಯ ತರಗತಿಗೆ ಬಂದೊಡನೆ ಆಟದ ಬಯಲು ಅವರ ಪಾಲಿಗೆ ಇಲ್ಲವೆಂದೇ ತಿಳಿಯಬೇಕು. ವೇಳಾಪಟ್ಟಿಯಲ್ಲಿ ದೈಹಿಕ ಶಿಕ್ಷಣದ ಅವಧಿಯೇನೋ ಬರೆದೇ ಇರುತ್ತದೆ. ದಸರೆಯ ರಜೆ ಕಳೆಯುವಷ್ಟರಲ್ಲಿ ಅನೇಕ ಶಾಲೆಗಳಲ್ಲಿ ಅದು ಗಣಿತಕ್ಕೋ ವಿಜ್ಞಾನಕ್ಕೋ ಕೈಸಾಲವಾಗಿ ಹೋಗಿ ಹಿಂದಿರುಗುವುದಿಲ್ಲ. ಮನೆಯಲ್ಲಿಯೂ "ಈ ವರ್ಷ ಓದು, ಆಟ ಆಮೇಲೆ" ಎಂಬುದೇ ಉಪದೇಶ. ಪರೀಕ್ಷೆಯಾಯಿತು, ಬೇಸಗೆ ಕಳೆಯಿತು, ಪದವಿಪೂರ್ವ ಕಾಲೇಜೂ ಮುಗಿಯಿತು. ಆ "ಆಮೇಲೆ" ಎಂಬುದು ಬರಲೇ ಇಲ್ಲ.

ಕೆಲವರಿಗೆ ಅದು ಬರುತ್ತದೆ, ಆದರೆ ಬಹಳ ಅವಸರದಿಂದ ಬರುತ್ತದೆ. ನಮ್ಮ ರಾಜ್ಯದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯನ್ನು ಬಯಸುವ ಹೆಣ್ಣುಮಗಳು ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಲದು. ೪೦೦ ಮೀಟರ್ ದೂರವನ್ನು ೨ ನಿಮಿಷದೊಳಗೆ ಓಡಿಯೂ ತೋರಿಸಬೇಕು. ಲೆಕ್ಕ ಹಾಕಿದರೆ ಇದು ಗಂಟೆಗೆ ೧೨ ಕಿಲೋಮೀಟರ್ ವೇಗ. ಒಂಬತ್ತನೆಯ ತರಗತಿಯಲ್ಲಿ ತಾಲ್ಲೂಕಿನವರೆಗೆ ಹೋದವಳಿಗೆ ಇದೇನು ಮಹಾ ಎನಿಸಬಹುದು. ಆದರೆ ಐದಾರು ವರ್ಷ ಒಂದು ದಿನವೂ ಓಡದೆ ಇದ್ದು, ಕರೆಪತ್ರ ಕೈಗೆ ಬಂದಮೇಲೆ ಹದಿನೈದು ದಿನದಲ್ಲಿ ಸಿದ್ಧಳಾಗಲು ಹೊರಟವಳು ಅರ್ಧ ಸುತ್ತಿಗೇ ಪಕ್ಕೆ ಹಿಡಿದುಕೊಂಡು ಕುಳಿತುಬಿಡುತ್ತಾಳೆ. ಸರಕಾರಿ ನೌಕರಿ ಎಂಬುದು ನಮ್ಮ ಕಡೆಯ ಬೇಸಾಯದ ಮನೆಗಳಿಗೆ ಎಂಥ ಆಸರೆಯೆಂಬುದನ್ನು ಪೋಷಕರಿಗೆ ನಾನು ವಿವರಿಸಬೇಕಾಗಿಲ್ಲ. ಇಂಥ ಹಳೆಯ ವಿದ್ಯಾರ್ಥಿನಿಯರು ನಮ್ಮ ಬಯಲಿಗೆ ಬರುವುದುಂಟು. ಅವರ ಬಾಯಿಂದ ಬರುವ ಮಾತು ಬಹುಮಟ್ಟಿಗೆ ಒಂದೇ: "ಟೀಚರ್, ನನ್ನ ಮೈ ಮೊದಲಿನ ಹಾಗಿಲ್ಲ, ನನ್ನಿಂದ ಆಗೋದಿಲ್ಲ." ಇದರೊಳಗೆ ಮೊದಲನೆಯ ಮಾತು ದಿಟ, ಎರಡನೆಯದು ದಿಟವಲ್ಲ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿಂದಲೇ ಎಷ್ಟೋ ಹೆಣ್ಣುಮಕ್ಕಳ ಓಟ ಶಾಶ್ವತವಾಗಿ ನಿಂತುಹೋಗಿದೆ ಎಂಬುದು ನನ್ನ ಅಭಿಪ್ರಾಯ.

ಮೈ ಮೊದಲಿನ ಹಾಗಿರುವುದಿಲ್ಲವೇಕೆ? ಓಟವೆಂಬುದು ಮುಖ್ಯವಾಗಿ ರಕ್ತ, ಹೃದಯ, ಸ್ನಾಯುಗಳ ವ್ಯವಹಾರ. ನಿತ್ಯವೂ ಓಡುವವರ ದೇಹದಲ್ಲಿ ರಕ್ತದ ನೀರಿನ ಅಂಶ ಹೆಚ್ಚುತ್ತದೆ; ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರಡಿಸುತ್ತದೆ; ಸ್ನಾಯುಗಳ ಕಣಗಳಲ್ಲಿ ಪ್ರಾಣವಾಯುವನ್ನು ಉಪಯೋಗಿಸಿಕೊಂಡು ಬಲವನ್ನು ಒದಗಿಸುವ ಮೈಟೊಕಾಂಡ್ರಿಯಗಳು ವೃದ್ಧಿಯಾಗುತ್ತವೆ. ಓಟ ನಿಂತಿತೆಂದರೆ ದೇಹವು ಜಾಣೆಯಾದ ಗೃಹಿಣಿಯಂತೆ ಬೇಡದ ವೆಚ್ಚವನ್ನೆಲ್ಲ ತಗ್ಗಿಸಲು ತೊಡಗುತ್ತದೆ. ಮೊದಲ ಒಂದೆರಡು ವಾರದಲ್ಲಿಯೇ ರಕ್ತದ ಆ ಹೆಚ್ಚಿನ ನೀರು ಇಳಿದುಹೋಗುತ್ತದೆ. ಹೃದಯವು ಅದೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕಾಗುತ್ತದೆ. ತರುವಾಯ ಸ್ನಾಯುಗಳ ಶಕ್ತಿಯೂ ಕುಗ್ಗುತ್ತದೆ. ೧೯೮೪ರಲ್ಲಿ ಅಮೇರಿಕಾ ದೇಶದಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ವರ್ಷಗಟ್ಟಲೆ ಪಳಗಿದ ೭ ಮಂದಿಯನ್ನು ೮೪ ದಿನ ಅಭ್ಯಾಸವಿಲ್ಲದೆ ಇರಿಸಿ ಪರೀಕ್ಷಿಸಿದರು. ದೇಹವು ಉಪಯೋಗಿಸಿಕೊಳ್ಳಬಲ್ಲ ಪ್ರಾಣವಾಯುವಿನ ಗರಿಷ್ಠ ಪ್ರಮಾಣವು ಮೊದಲ ೩ ವಾರಗಳಲ್ಲಿ ನೂರಕ್ಕೆ ೭ರಷ್ಟು ಇಳಿಯಿತು. ಕೊನೆಯ ವೇಳೆಗೆ ನೂರಕ್ಕೆ ೧೬ರಷ್ಟಾಗಿ ಅಲ್ಲಿಗೆ ನಿಂತಿತು. ಹಾಗೆ ಇಳಿದಮೇಲೂ ಅವರು ಎಂದೂ ಅಭ್ಯಾಸ ಮಾಡದವರಿಗಿಂತ ಮೇಲಾಗಿಯೇ ಇದ್ದರು. ಇದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ ಸಂಗತಿ ಬೇರೊಂದಿದೆ: ಅಭ್ಯಾಸದಿಂದ ಸ್ನಾಯುಗಳೊಳಗೆ ಹೆಚ್ಚಿದ್ದ ಕೂದಲೆಳೆಯಂಥ ರಕ್ತನಾಳಗಳು ಆ ೮೪ ದಿನಗಳ ತರುವಾಯವೂ ಕಡಮೆಯಾಗಿರಲಿಲ್ಲ. ಮಳೆ ಕಾಣದ ನಮ್ಮ ತಾಲ್ಲೂಕುಗಳವರಿಗೆ ಇದನ್ನು ಹೇಳುವುದು ಸುಲಭ. ಕೆರೆ ಬತ್ತಿದೆ, ಆದರೆ ಕಾಲುವೆಗಳು ಮುಚ್ಚಿಲ್ಲ.

ಒಂದು ಮಾತನ್ನು ಮಾತ್ರ ಸೇರಿಸಬೇಕು. ಆ ಏಳು ಮಂದಿ ಬಹುಕಾಲ ಪಳಗಿದವರು. ಒಂದೆರಡು ವರ್ಷ ಮಾತ್ರ ಓಡಿ ಬಿಟ್ಟ ಹುಡುಗಿಯ ಗಳಿಕೆ ಅಷ್ಟು ದಿನ ನಿಲ್ಲುವುದಿಲ್ಲ. ಕೆಲವು ತಿಂಗಳುಗಳಲ್ಲಿ ಬಹುಪಾಲು ಕರಗುತ್ತದೆ. ಹಾಗೆಂದು ಎದೆಗುಂದಲು ಕಾರಣವಿಲ್ಲ.

ಏಕೆಂದರೆ ಇನ್ನೊಂದು ಪರೀಕ್ಷೆಯ ವೃತ್ತಾಂತವಿದೆ. ೧೯೬೬ರಲ್ಲಿ ಅಮೇರಿಕಾದ ಡಲ್ಲಾಸ್ ನಗರದಲ್ಲಿ ೨೦ ವರ್ಷ ವಯಸ್ಸಿನ ೫ ಮಂದಿ ಆರೋಗ್ಯವಂತ ಯುವಕರನ್ನು ೩ ವಾರಗಳ ಕಾಲ ಹಾಸಿಗೆಯ ಮೇಲೆ ಮಲಗಿಸಿಯೇ ಇಟ್ಟರು. ಅವರ ಶಕ್ತಿಯು ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಾಗಿ ಇಳಿದುಹೋಯಿತು. ಮೂವತ್ತು ವರ್ಷಗಳಾದಮೇಲೆ, ೧೯೯೬ರಲ್ಲಿ, ಅದೇ ಐವರನ್ನು ಹುಡುಕಿ ಕರೆತಂದು ನೋಡಿದಾಗ ಕಂಡುಬಂದದ್ದೇನು? ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಮೂರು ವಾರದ ಹಾಸಿಗೆ ಮಾಡಿದ್ದ ಹಾನಿಯೇ ಹೆಚ್ಚಾಗಿತ್ತು! ಆಮೇಲೆ ೬ ತಿಂಗಳು ನಡಿಗೆ, ಓಟ, ಸೈಕಲ್ಲುಗಳಿಂದ ಮೆಲ್ಲಮೆಲ್ಲನೆ ಪಳಗಿಸಲಾಗಿ, ಐವತ್ತು ವರ್ಷದ ಆ ಗೃಹಸ್ಥರು ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಅಭ್ಯಾಸಕ್ಕೆ ಮೊದಲು ಇದ್ದ ಮಟ್ಟಕ್ಕೆ ಮರಳಿದರು. ಇಪ್ಪತ್ತೆರಡು ವರ್ಷದ ನಮ್ಮ ಹುಡುಗಿ "ನನಗೆ ವಯಸ್ಸಾಯಿತು" ಎಂದಾಗ ಈ ಐವರ ಕಥೆಯನ್ನು ಹೇಳುವುದು ನನ್ನ ಪದ್ಧತಿ.

ನಮ್ಮಲ್ಲಿಯೇ ಇಂಥ ಪರೀಕ್ಷೆಯೊಂದು ಯಾರೂ ಬಯಸದೆ ನಡೆದುಹೋಯಿತು. ೨೦೨೦ನೆಯ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ಕಾರಣ ರಾಜ್ಯದ ಶಾಲೆಗಳು ಮುಚ್ಚಿದವು. ಹತ್ತನೆಯ ತರಗತಿಯವರಿಗೆ ೨೦೨೧ರ ಜನವರಿ ೧ರಂದು ತೆರೆದು, ಎರಡನೆಯ ಅಲೆ ಬರಲು ಮತ್ತೆ ಮುಚ್ಚಿ, ಪ್ರೌಢಶಾಲೆಗಳು ತಿರುಗಿ ತೆರೆದದ್ದು ಆಗಸ್ಟ್ ೨೩ರಂದು. ಆ ಒಂದೂವರೆ ವರ್ಷದಲ್ಲಿ ಪಾಠ ಎಷ್ಟು ಹಿಂದುಳಿಯಿತೆಂಬುದನ್ನು ಎಲ್ಲರೂ ಲೆಕ್ಕ ಹಾಕಿದರು; ಕಾಲಿನ ಲೆಕ್ಕವನ್ನು ಹಾಕಿದವರು ವಿರಳ. ಗಮನಿಸತಕ್ಕ ವಿಷಯವೊಂದುಂಟು. ಆ ದಿನಗಳಲ್ಲಿ ಗಂಡುಹುಡುಗರು ಕೆರೆಯಂಗಳದಲ್ಲಿಯೋ ಊರಮುಂದಿನ ಬಯಲಿನಲ್ಲಿಯೋ ಹೊತ್ತು ಮುಳುಗುವವರೆಗೆ ಚೆಂಡಾಟ ಆಡಿಕೊಂಡೇ ಇದ್ದರು. ಹೆಣ್ಣುಮಕ್ಕಳಿಗೆ ಶಾಲೆಯ ಬಯಲೊಂದೇ ಬಯಲು. ಅದು ಮುಚ್ಚಿದಮೇಲೆ ಅವರಿಗೆ ಓಡಲು ಜಗತ್ತಿನಲ್ಲಿ ಬೇರೆ ಸ್ಥಳವಿರಲಿಲ್ಲ. ಆದುದರಿಂದ ಬಿಡುವು ಇಬ್ಬರಿಗೂ ಒಂದೇ ಆಗಿರಲಿಲ್ಲ. ಶಾಲೆ ತೆರೆದಾಗ ಬಾಲಿಕೆಯರು ಒಂದು ಸುತ್ತಿಗೆ ಏದುಸಿರು ಬಿಡುತ್ತಿದ್ದುದನ್ನು ಕಂಡು "ಹೆಣ್ಣುಮಕ್ಕಳ ಮೈಯೇ ಅಷ್ಟು" ಎಂದವರಿದ್ದರು. ಅದು ಮೈಯ ಗುಣವಲ್ಲ, ಬೀಗ ಹಾಕಿದ ಬಾಗಿಲಿನ ಗುಣ. ಹದಿನೈದು ದಿನ ನಡಿಗೆ, ಆಮೇಲೆ ಒಂದು ತಿಂಗಳು ನಡಿಗೆ-ಓಟ, ಎಂಬ ಕ್ರಮದಿಂದ ಹೋದವರು ಆ ವರ್ಷ ಮುಗಿಯುವುದರೊಳಗೆ ಹಳೆಯ ಗತಿಗೆ ಬಂದರು.

ಬಹುದಿನ ಬಿಟ್ಟವರು ಮರಳಿ ಬಂದ ನಿದರ್ಶನಗಳನ್ನು ದೂರದಿಂದ ತರಬೇಕಾಗಿಲ್ಲ. ನೆರೆಯ ಕೇರಳದ ಪಿ. ಟಿ. ಉಷಾ ಅವರು ೧೯೯೦ರ ಏಷ್ಯನ್ ಕ್ರೀಡೆಗಳಾದಮೇಲೆ ಓಟದಿಂದ ದೂರ ಸರಿದು, ಮದುವೆಯಾಗಿ, ಒಬ್ಬ ಮಗನ ತಾಯಿಯಾದರು. ಬಳಿಕ ತಿರುಗಿ ಅಭ್ಯಾಸಕ್ಕೆ ಇಳಿದು, ೧೯೯೮ರಲ್ಲಿ ಜಪಾನಿನ ಫುಕುವೋಕಾ ನಗರದ ಏಷ್ಯನ್ ಪಂದ್ಯಗಳಲ್ಲಿ, ತಮ್ಮ ೩೪ನೆಯ ವಯಸ್ಸಿನಲ್ಲಿ, ೨೦೦ ಮೀಟರ್, ೪೦೦ ಮೀಟರ್ ಎರಡರಲ್ಲಿಯೂ ಕಂಚಿನ ಪದಕ ಪಡೆದರು. ನಮ್ಮ ಕೊಡಗಿನ ಪ್ರಮೀಳಾ ಅಯ್ಯಪ್ಪ ಅವರು ೨೦೦೦ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿ, ಮುಂದೆ ತಾಯಿಯಾಗಿ, ೨೦೦೮ರಲ್ಲಿ ಬೀಜಿಂಗ್ ಒಲಿಂಪಿಕ್ಸಿಗೆ ಮತ್ತೆ ಹೋದರು. ೨೦೧೦ರಲ್ಲಿ ಗುವಾಂಗ್‌ಜೌ ಏಷ್ಯನ್ ಕ್ರೀಡೆಗಳ ಹೆಪ್ಟತ್ಲಾನಿನಲ್ಲಿ ಕಂಚಿನ ಪದಕ ತಂದರು. ಏಳು ಸ್ಪರ್ಧೆಗಳ ಆ ಪಂದ್ಯದಲ್ಲಿ ಕೊನೆಯದು ೮೦೦ ಮೀಟರ್ ಓಟ; ಎರಡು ದಿನ ದಣಿದ ಕಾಲಿನಲ್ಲಿ ಅದನ್ನು ಓಡಬೇಕು. ಓಟವಲ್ಲದಿದ್ದರೂ ಸಹನಾ ಕುಮಾರಿ ಅವರ ಹೆಸರನ್ನು ಇಲ್ಲಿ ಬಿಡಲಾರೆ. ಮಗಳ ತಾಯಿಯಾದ ಈ ಕನ್ನಡತಿ ೨೦೧೨ರಲ್ಲಿ ೧.೯೨ ಮೀಟರ್ ಎತ್ತರ ನೆಗೆದು ರಾಷ್ಟ್ರೀಯ ದಾಖಲೆಯನ್ನೇ ಬರೆದರು. ಇವರೆಲ್ಲ ಅಸಾಧಾರಣರು, ನಿಜ. ಆದರೆ ಇವರ ದೇಹವನ್ನು ಆಳಿದ ನಿಯಮವು ನಮ್ಮ ದೇಹಕ್ಕೂ ಅದೇ. ಇವರಿಗೆ ದೊರೆತದ್ದು, ನಮ್ಮ ಹುಡುಗಿಯರಿಗೆ ದೊರೆಯದ್ದು, ಮರಳಿ ಬರಲು ಬೇಕಾದ ಕಾಲಾವಕಾಶ ಮತ್ತು ಮನೆಯವರ ಸಮ್ಮತಿ.

ಕ್ರೈಸ್ತ ಶಾಲೆಯಲ್ಲಿ ಇಷ್ಟೊಂದು ದೇಹದ ಮಾತೇಕೆ ಎಂದು ಹಿರಿಯರೊಬ್ಬರು ಕೇಳಬಹುದು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ಓಟದ ಪಂದ್ಯವನ್ನೇ ಹೋಲಿಕೆಯಾಗಿ ತೆಗೆದುಕೊಂಡನೆಂಬುದು ಸತ್ಯವೇದ ಓದಿದವರಿಗೆಲ್ಲ ತಿಳಿದಿದೆ. ಎರಿಕ್ ಲಿಡೆಲ್ ಅವರು ೧೯೨೪ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ೪೦೦ ಮೀಟರ್ ಓಟವನ್ನು ಗೆದ್ದು, ಮರುವರ್ಷವೇ ಚೀನಾ ದೇಶಕ್ಕೆ ಮಿಷನರಿ ಉಪಾಧ್ಯಾಯರಾಗಿ ಹೋದರು. ಅವರನ್ನು ಕಳುಹಿಸಿದ ಲಂಡನ್ ಮಿಷನ್ ನಮ್ಮ ಬೆಂಗಳೂರು, ಬಳ್ಳಾರಿಗಳಲ್ಲಿಯೂ ಶಾಲೆಗಳನ್ನು ನಡೆಸಿದ್ದೇ. ೧೯೪೫ರಲ್ಲಿ ಸೆರೆಶಿಬಿರದಲ್ಲಿ ತೀರಿಕೊಳ್ಳುವ ಮುಂಚೆ ಅಲ್ಲಿಯ ಮಕ್ಕಳಿಗೆ ಪಾಠದೊಡನೆ ಆಟಗಳನ್ನೂ ನಡೆಸಿಕೊಟ್ಟರು. ಹೊಟ್ಟೆಗೆ ಸಾಲದ ಆ ಶಿಬಿರದಲ್ಲಿ ಆಟ ಬೇಡವೆಂದು ಅವರಿಗೆ ತೋರಲಿಲ್ಲ.

ಇನ್ನು ಮರಳಿ ಬರುವ ಕ್ರಮ. ಇಲ್ಲಿಯೇ ಹೆಚ್ಚು ಮಂದಿ ಎಡವುವುದು. ಹಳೆಯ ಓಟಗಾರ್ತಿಗೆ ಕಾಲು ಮರೆತಿದ್ದರೂ ಮನಸ್ಸು ಮರೆತಿರುವುದಿಲ್ಲ. ಮೊದಲನೆಯ ದಿನವೇ ಒಂಬತ್ತನೆಯ ತರಗತಿಯ ವೇಗಕ್ಕೆ ಹೊರಡುತ್ತಾಳೆ. ಹೃದಯ, ಶ್ವಾಸಗಳು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ, ಆದರೆ ಎಲುಬು, ಸ್ನಾಯುರಜ್ಜುಗಳು ನಿಧಾನಸ್ಥರು. ಅವಕ್ಕೆ ತಿಂಗಳುಗಳೇ ಬೇಕು. ಮೂರನೆಯ ವಾರದಲ್ಲಿ "ಈಗ ಉಸಿರು ಹಿಡಿಯುತ್ತಿದೆ" ಎಂಬ ಉತ್ಸಾಹದಲ್ಲಿ ದೂರವನ್ನು ಇಮ್ಮಡಿಸಿದವಳಿಗೆ ಮೊಳಕಾಲಿನ ಕೆಳಗೆ ಮುಂಗಾಲಿನ ಎಲುಬು ನೋಯಲು ತೊಡಗುತ್ತದೆ. ಅಲ್ಲಿಗೆ ಎರಡನೆಯ ಬಾರಿ ಓಟ ನಿಲ್ಲುತ್ತದೆ. ಆದುದರಿಂದ ಮೊದಲ ಎರಡು ವಾರ ಬಿರುನಡಿಗೆಯೇ ಸಾಕು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ದಿನ ಬಿಟ್ಟು ದಿನ. ಪಕ್ಕದವಳೊಡನೆ ಮಾತನಾಡಲು ಆಗುವಷ್ಟೇ ವೇಗ. ಓಟದ ನಿಮಿಷಗಳನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸತಕ್ಕದ್ದು. ಎರಡು ಮೂರು ತಿಂಗಳು ಹೀಗೆ ನಡೆದರೆ ೨ ನಿಮಿಷದ ಆ ೪೦೦ ಮೀಟರ್ ಭಯಪಡುವ ವಸ್ತುವಾಗಿ ಉಳಿಯುವುದಿಲ್ಲ. ಆದಕಾರಣ ನೌಕರಿಗೆ ಅರ್ಜಿ ಹಾಕುವ ದಿನವೇ ನಡಿಗೆ ಆರಂಭಿಸಬೇಕು, ಕರೆಪತ್ರಕ್ಕಾಗಿ ಕಾಯಬಾರದು. ಬಹುದಿನ ಬಿಟ್ಟವರಿಗೆ ಬಿಸಿಲು ತಾಳುವ ಶಕ್ತಿಯೂ ತಗ್ಗಿರುತ್ತದೆ; ಪಾವಗಡ, ಶಿರಾಗಳ ಏಪ್ರಿಲ್ ಬಿಸಿಲಿನಲ್ಲಿ ಮುಂಜಾನೆಯ ಹೊರತು ಬೇರೆ ಹೊತ್ತು ಒಳ್ಳೆಯದಲ್ಲ. ಮಧುಗಿರಿಯ ಬೆಟ್ಟ ಹತ್ತಿದರೆ ಬೇಗ ಶಕ್ತಿ ಬರುವುದೆಂದು ಕೆಲವರು ಹೊರಡುತ್ತಾರೆ. ಆ ಕಡಿದಾದ ಬಂಡೆ ಮೂರನೆಯ ತಿಂಗಳಿಗೆ ಇರಲಿ. ಹೆರಿಗೆಯಾದವರು ಮೂರು ತಿಂಗಳಾದರೂ ಓಟದ ಗೋಜಿಗೆ ಹೋಗದೆ, ವೈದ್ಯರನ್ನು ಕೇಳಿಯೇ ತೊಡಗಬೇಕು.

ಅಭ್ಯಾಸದ ಲೋಪವೆಂದು ನಾವು ಎಣಿಸುವುದರಲ್ಲಿ ಎಷ್ಟೋ ಪಾಲು ರಕ್ತಹೀನತೆಯಾಗಿರಬಹುದೆಂಬುದನ್ನೂ ತಾಯಂದಿರು ನೆನಪಿಡಬೇಕು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ೧೫ರಿಂದ ೧೯ ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆ. ಪ್ರಾಣವಾಯುವನ್ನು ಹೊರುವುದೇ ರಕ್ತವಾಗಿರಲು, ರಕ್ತವೇ ತೆಳುವಾದರೆ ಓಡುವುದು ಹೇಗೆ? ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಕಿಟಕಿಯಿಂದ ಆಚೆ ಎಸೆಯುವ ಚತುರೆಯರು ಪ್ರತಿ ತರಗತಿಯಲ್ಲಿಯೂ ಇರುವರು. ಅವರ ತಾಯಂದಿರು ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

"ನಮ್ಮ ಹುಡುಗಿ ನೀರು ಹೊರುತ್ತಾಳೆ, ಕಳೆ ತೆಗೆಯುತ್ತಾಳೆ, ಅವಳಿಗೆ ಬೇರೆ ವ್ಯಾಯಾಮವೇಕೆ?" ಎಂದು ಪೋಷಕರ ಸಭೆಯಲ್ಲಿ ಕೇಳುವುದುಂಟು. ಅದು ದುಡಿಮೆ, ತೋಳಿಗೂ ಬೆನ್ನಿಗೂ ಅದರಿಂದ ಬಲ ಬರುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ದೇಹವು ಮಾಡಿದ ಕೆಲಸವನ್ನೇ ಕಲಿಯುತ್ತದೆ. ಬಗ್ಗಿ ಕಳೆ ತೆಗೆದವಳ ಹೃದಯವು ಓಟದ ವೇಗಕ್ಕೆ ತಾನಾಗಿ ಒಗ್ಗುವುದಿಲ್ಲ. ಮೇಲಾಗಿ ಆ ದುಡಿಮೆ ಆಕೆಯ ಸಂತೋಷಕ್ಕಾಗಿ ಮಾಡಿದ್ದಲ್ಲ. ಓಟ ಅವಳದು.

ಅಂಕಗಳ ಚಿಂತೆಗೂ ಉತ್ತರವಿದೆ. ಶಕ್ತಿಯನ್ನು ಗಳಿಸಲು ಬಹಳ ದುಡಿಯಬೇಕು. ಗಳಿಸಿದ್ದನ್ನು ಕಾಪಾಡಲು ಅಷ್ಟು ಬೇಡ. ಅಮೇರಿಕಾದಲ್ಲಿ ೧೯೮೧ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ, ಹತ್ತು ವಾರ ದಿನಕ್ಕೆ ೪೦ ನಿಮಿಷದಂತೆ ವಾರಕ್ಕೆ ೬ ದಿನ ಪಳಗಿದವರ ಅಭ್ಯಾಸವನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಿದರೂ, ಮುಂದಿನ ೧೫ ವಾರ ಅವರ ಶಕ್ತಿ ಹಾಗೆಯೇ ನಿಂತಿತು. ಒಂದೇ ನಿಬಂಧನೆಯೆಂದರೆ, ಆ ಎರಡು ದಿನ ಓಟದ ಬಿರುಸು ತಗ್ಗಬಾರದು. ನವೆಂಬರಿನಿಂದ ಮಾರ್ಚಿಯ ಪರೀಕ್ಷೆಯವರೆಗೆ ಎಷ್ಟು ವಾರಗಳೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು. ವಾರಕ್ಕೆ ಎರಡು ಅವಧಿ! ಇಷ್ಟನ್ನು ಗಣಿತವೂ ವಿಜ್ಞಾನವೂ ಬಿಟ್ಟುಕೊಡಲಾರವೆಂದು ನಾನು ನಂಬುವುದಿಲ್ಲ. ಸ್ವತಃ ಗಣಿತ ಬೋಧಿಸುವವಳಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ.

ಜನ ಏನೆನ್ನುವರೆಂಬ ಅಂಜಿಕೆಗೆ ಮಾತ್ರ ಪರಿಶೋಧಕರಲ್ಲಿ ಔಷಧವಿಲ್ಲ. ಹೆದ್ದಾರಿಯ ಅಂಚಿನಲ್ಲಿ ಕತ್ತಲಿರುವಾಗಲೇ ಒಬ್ಬಳೇ ಓಡು ಎಂದು ಯಾವ ಹುಡುಗಿಗೂ ನಾನು ಹೇಳಲಾರೆ. ಆಕೆಗೆ ಗೋಡೆಯಿರುವ ಬಯಲು ಬೇಕು, ಜೊತೆಗೆ ನಾಲ್ಕು ಜನ ಬೇಕು. ಅದು ನಮ್ಮಲ್ಲಿ ಇದೆ.

ಆದಕಾರಣ ಹಳೆಯ ವಿದ್ಯಾರ್ಥಿನಿಯರ ಸಂಘದ ಮುಂದೆಯೂ ಪೋಷಕರ ಸಮಿತಿಯ ಮುಂದೆಯೂ ಎರಡು ಸೂಚನೆಗಳನ್ನು ಇಡುತ್ತಿದ್ದೇನೆ. ಹತ್ತನೆಯ ತರಗತಿಯ ದೈಹಿಕ ಶಿಕ್ಷಣದ ಎರಡು ಅವಧಿಗಳನ್ನು ಪರೀಕ್ಷೆಯ ಹಿಂದಿನ ವಾರದವರೆಗೆ ಯಾವ ವಿಷಯಕ್ಕೂ ಕೊಡತಕ್ಕದ್ದಲ್ಲ. ಇದಕ್ಕೆ ಪೋಷಕರು ಸಹಿ ಮಾಡಿ ಬೆಂಬಲ ನೀಡಬೇಕು. ಎರಡನೆಯದಾಗಿ, ಮಂಗಳವಾರ, ಗುರುವಾರ, ಶನಿವಾರಗಳಲ್ಲಿ ಬೆಳಗ್ಗೆ ಆರರಿಂದ ಏಳೂವರೆಯವರೆಗೆ ನಮ್ಮ ಬಯಲಿನ ಹಿಂಬಾಗಿಲು ಹಳೆಯ ವಿದ್ಯಾರ್ಥಿನಿಯರಿಗಾಗಿ ತೆರೆದಿರಲಿ. ದೈಹಿಕ ಶಿಕ್ಷಣದ ಉಪಾಧ್ಯಾಯಿನಿಯವರು ಹಾಜರಿರಲು ಒಪ್ಪಿದ್ದಾರೆ. ಶುಲ್ಕವಿಲ್ಲ, ಸೀರೆಯಾಗಲಿ ಚೂಡಿದಾರವಾಗಲಿ, ನಡೆಯಲು ಅನುಕೂಲವಾದ ಉಡುಪಿದ್ದರೆ ಸಾಕು. ಕುಡಿಯುವ ನೀರನ್ನು ಬೇವಿನ ಮರದ ಕೆಳಗೆ ಇಡಿಸಲಾಗುವುದು. ಕೈಗೂಸಿರುವವರು ಕೂಸನ್ನೂ ಕರೆತರಬಹುದು. ಎತ್ತಿಕೊಳ್ಳಲು ವಿದ್ಯಾರ್ಥಿನಿಲಯದ ಹುಡುಗಿಯರು ಈಗಲೇ ಸರದಿ ಹಾಕಿಕೊಂಡಿದ್ದಾರೆ.